ತಡೆಯುವ ಕಡೆ

ಯುದ್ಧ ಮುಗಿದ ಮೂರನೆಯ ವರ್ಷ ಅವಳು ಬೀಗ ರಿಪೇರಿಯವನ ಅಂಗಡಿಯ ಮೆಟ್ಟಿಲು ಹತ್ತಿದಳು. ಸಿಟ್ಟಿನಿಂದ ಮೈಯೆಲ್ಲ ಉರಿಯುತ್ತಿತ್ತು.

ಅವಳು ಬಸ್ ಡಿಪೋದಲ್ಲಿ ಹರಿದ ಸೀಟುಗಳಿಗೆ ರೆಕ್ಸಿನ್ ಹೊಲಿಯುವವಳು. ಅಪ್ಪ ದೊಣ್ಣೆವರಸೆಯ ಗುರು. ಆ ವರಸೆ ಒಬ್ಬರಿಂದ ಆಗುವಂಥದ್ದಲ್ಲ. ಒಬ್ಬರು ಹೊಡೆಯಬೇಕು, ಇನ್ನೊಬ್ಬರು ತಡೆಯಬೇಕು. ಒಟ್ಟು ಹದಿನೆಂಟು ಪಟ್ಟು. ಅಪ್ಪ ಮಗಳಿಗೆ ಹೊಡೆಯುವ ಕಡೆಯನ್ನು ಕಲಿಸಿದರು, ಮಗನಿಗೆ ತಡೆಯುವ ಕಡೆಯನ್ನು. ಯುದ್ಧ ಬಂದಾಗ ಊರು ಹಿಡಿದ ಸೈನಿಕರು ದೊಣ್ಣೆ ಹಿಡಿಯುವುದನ್ನೇ ನಿಷೇಧಿಸಿದರು. ಒಂದು ಬೆಳಿಗ್ಗೆ ಪಟ್ಟಿ ಹಿಡಿದು ಮನೆಮನೆಗೆ ಬಂದು ಅಪ್ಪ, ಅಣ್ಣ, ಹನ್ನೊಂದು ಮಂದಿ ಶಿಷ್ಯರನ್ನು ಲಾರಿಗೆ ತುಂಬಿಕೊಂಡು ಹೋದರು. ಒಬ್ಬರೂ ಮರಳಲಿಲ್ಲ. ಪಟ್ಟಿ ಬರೆದುಕೊಟ್ಟವನು ಅಪ್ಪನ ಮೊದಲ ಶಿಷ್ಯನಾದ ಈ ಬೀಗದವನೇ ಎಂಬುದು ಊರಿಗೆಲ್ಲ ಗೊತ್ತಿತ್ತು. ತಡೆಯುವ ಕಡೆ ಬಲ್ಲವರಲ್ಲಿ ಬದುಕುಳಿದವನೂ ಅವನೊಬ್ಬನೇ.

ಡಿಪೋದ ಹೆಂಗಸರು ವರಸೆ ಕಲಿಸು ಎಂದು ದುಂಬಾಲು ಬಿದ್ದಿದ್ದರು. ಅರ್ಧ ವಿದ್ಯೆಯನ್ನು ಏನೆಂದು ಕಲಿಸುವುದು? ಕೊನೆಗೆ ಸೋದರತ್ತೆಯೇ ಅವಳನ್ನು ಹೊರಡಿಸಿದ್ದರು. "ಅವನ ಮುಖ ನೋಡ್ಬೇಡ, ಕೈ ನೋಡು. ಆ ಕೈಯಲ್ಲಿರೋದು ನಿಮ್ಮಪ್ಪಂದು."

ಅವಳನ್ನು ಕಂಡು ಕೀಲಿ ಉಜ್ಜುತ್ತಿದ್ದವನ ಅರ ನಿಂತಿತು. "ಪುಟ್ಟೀ" ಎಂದ.

"ಹಾಗೆ ಕರೀಬೇಡಿ. ತಡೆಯೋ ಕಡೆ ಹೇಳ್ಕೊಡಿ. ಬೇರೆ ಮಾತು ಬೇಡ."

ನಾಲ್ಕು ತಿಂಗಳು, ಪ್ರತಿ ಭಾನುವಾರ, ಅಂಗಡಿಯ ಹಿಂದಿನ ಅಂಗಳದಲ್ಲಿ ಕಲಿತಳು. ಅವನ ಮನೆಯ ನೀರನ್ನೂ ಮುಟ್ಟಲಿಲ್ಲ. ಅವನ ಮಣಿಕಟ್ಟು ಥೇಟ್ ಅಪ್ಪನದರ ಹಾಗೆಯೇ ತಿರುಗುತ್ತಿತ್ತು. ಅದನ್ನು ನೋಡಿದಾಗಲೆಲ್ಲ ಅವಳಿಗೆ ಇನ್ನಷ್ಟು ರೇಗುತ್ತಿತ್ತು. ಮೈಮೇಲೆ ಬಂದವಳಂತೆ ಬೀಸುತ್ತಿದ್ದಳು. ಏಳನೆಯ ಪಟ್ಟಿನಲ್ಲಿ ಅವನು ದೊಣ್ಣೆ ಎತ್ತಲೇ ಇಲ್ಲ. ಏಟು ಹೆಗಲಿಗೆ ಬಿತ್ತು. ಬೇಕೆಂದೇ ಬಿಟ್ಟಿದ್ದ.

"ಏಟು ತಿಂದು ಪಾಪ ಕಳ್ಕೋಬೇಕು ಅಂತಿದ್ದೀರಾ?" ಎಂದಳು. "ಅದು ನನ್ನ ಕೈಯಿಂದ ಆಗಲ್ಲ. ಸರಿಯಾಗಿ ತಡೀರಿ."

ಅವನು ದೊಣ್ಣೆ ನೆಲಕ್ಕಿಟ್ಟು ಕುಳಿತ. ಹೆಂಡತಿಯ ತಲೆಗೆ ಬಂದೂಕು ಇಟ್ಟಿದ್ದರು ಎಂದ.

"ನಮ್ಮತ್ತಿಗೆಗೂ ಒಬ್ಬ ಗಂಡ ಇದ್ದ. ಏಳಿ."

ಎದ್ದ. ಆಮೇಲೆ ಒಂದು ಏಟನ್ನೂ ಬಿಡದೆ ತಡೆದ. ಹದಿನೆಂಟನೆಯ ಪಟ್ಟು ಮುಗಿದ ದಿನ ಅವಳು ಒಂದು ಒಳ್ಳೆಯ ಮಾತನ್ನೂ ಆಡದೆ ಹೊರಟುಬಂದಳು.

ಡಿಪೋದ ಹಳೆಯ ಟೈರ್ ಶೆಡ್ಡಿನಲ್ಲಿ ಒಂಬತ್ತು ಹೆಂಗಸರೊಂದಿಗೆ ಪಾಠ ಶುರುವಾಯಿತು. ಮೊದಲ ದಿನ ಗುರುಗಳ ಹೆಸರನ್ನೆಲ್ಲ ಗೋಡೆಯ ಮೇಲೆ ಬರೆದಳು. ಅವನದನ್ನು ಬಿಟ್ಟುಬಿಡು ಎಂದರು ಎಲ್ಲರೂ. ಅವಳು ಬಿಡಲಿಲ್ಲ. ಅಪ್ಪನ ಹೆಸರಿನ ಕೆಳಗೆ ಅವನ ಹೆಸರು ಬರೆದು, "ತಡೆಯುವ ಕಡೆ ಇವನಿಂದ ಬಂತು" ಎಂದು ಸೇರಿಸಿದಳು. ಮರುಸಾಲಿನಲ್ಲಿ, "ಹದಿಮೂರು ಮಂದಿಯನ್ನು ಹಿಡಿದುಕೊಟ್ಟವನೂ ಇವನೇ."

ವಾರ ಕಳೆಯುವುದರೊಳಗೆ ಬೀಗದವನು ಅತ್ತೆಯ ಮೂಲಕ ಹೇಳಿಕಳಿಸಿದ: ಎರಡನೆಯ ಸಾಲನ್ನು ಮಾತ್ರ ಅಳಿಸಿಬಿಡಲಿ.

"ಅಳಿಸೋದಾದ್ರೆ ಎರಡನ್ನೂ ಅಳಿಸ್ತೀನಿ" ಎಂದಳು. "ಯಾವ್ದಾಗ್ಬೇಕೋ ಕೇಳ್ಕೊಂಡು ಬನ್ನಿ."

ಅತ್ತೆ ಹೋಗಿ ಕೇಳಿದರು. ಅವನು ಅರ ಕೆಳಗಿಟ್ಟು, ಇರಲಿ ಬಿಡಿ ಎಂದನಂತೆ.

ಎರಡೂ ಸಾಲು ಹಾಗೇ ಇವೆ. ಅವಳ ಸಿಟ್ಟೂ ಇಳಿದಿಲ್ಲ.