ಒಂಬತ್ತರ ವಿಮಾನ

ತಿಜಾನಿಯ ಎರಡೂ ಕಣ್ಣಿಗೆ ಹತ್ತಿಯಿಟ್ಟು ಬಟ್ಟೆ ಸುತ್ತಿದ್ದರು. ಬಟ್ಟೆಯ ಅಂಚಿನಿಂದ ಹಳದಿ ನೀರು ಇಳಿದು ಗಡ್ಡಕ್ಕೆ ಅಂಟಿಕೊಂಡಿತ್ತು. ಹೆಂಡತಿ ಮಬ್ರೂಕಾ ತಾನು ಹೊದ್ದ ಬಿಳಿ ಬಟ್ಟೆಯ ತುದಿಯಿಂದ ಅದನ್ನು ಒರೆಸುತ್ತಿದ್ದಳು. ಒರೆಸಿದಷ್ಟೂ ಇಳಿಯುತ್ತಿತ್ತು.

ಹಿಂದಿನ ದಿನ ಮರಳುಗಾಡಿನ ಹಾಸ್ಸಿ ಮೆಸೌದಿನ ಎಣ್ಣೆ ಬಾವಿಯ ಹತ್ತಿರ ಅವನು ತೊಟ್ಟಿಗೆ ಕಾಸ್ಟಿಕ್ ಸೋಡಾ ಸುರಿಯುತ್ತಿದ್ದ. ಗಾಳಿ ತಿರುಗಿತು. ಪುಡಿಯೆಲ್ಲ ಮುಖಕ್ಕೆ ಬಡಿಯಿತು. ಆ ಪಾಳಿಯಲ್ಲಿ ಹನ್ನೊಂದು ಜನ, ಪುಡಿ ತಾಗದಂತೆ ಕಣ್ಣಿಗೆ ಹಾಕುವ ಕನ್ನಡಕ ಮೂರು. ಮೂರೂ ಮೇಸ್ತ್ರಿಯ ಕಡೆಯವರ ಮೂಗಿನ ಮೇಲಿದ್ದವು. ಕಂಪನಿಯ ಕಾಂಪೌಂಡರ್ ಗಂಟೆಗಟ್ಟಲೆ ಕಣ್ಣು ತೊಳೆದ. ಸುದ್ದಿ ತಿಳಿದು ಮಬ್ರೂಕಾ ತಮ್ಮೂರು ವಾರ್ಗ್ಲಾದಿಂದ ಬಾಡಿಗೆ ಕಾರು ಹಿಡಿದು ಓಡಿ ಬಂದಳು. "ನಾಳೆ ಮಧ್ಯಾಹ್ನದೊಳಗೆ ದೊಡ್ಡ ಡಾಕ್ಟರ ಕೈಗೆ ಸೇರಿಸು ತಾಯಿ. ಆಮೇಲೆ ನನ್ನನ್ನ ಏನೂ ಕೇಳಬೇಡ" ಎಂದ. ಕಂಪನಿಯವರು ಇಬ್ಬರನ್ನೂ ಬೆಳಗಿನ ವಿಮಾನಕ್ಕೆ ಹತ್ತಿಸಿದರು. ರಾಜಧಾನಿ ಅಲ್ಜಿಯರ್ಸಿನಲ್ಲಿ ಇಳಿದು ಇನ್ನೊಂದು ವಿಮಾನ ಹಿಡಿದು ಒರಾನಿನ ಆಸ್ಪತ್ರೆಗೆ ಹೋಗಬೇಕು.

ಅಲ್ಜಿಯರ್ಸಿನಲ್ಲಿ ಗಾಲಿಕುರ್ಚಿ ಹಿಡಿದು ನಿಂತಿದ್ದವನು ಲಮೀನ್. ಕಂಪನಿಯ ಕಾರ್ಮಿಕ ಕಲ್ಯಾಣದ ಅಧಿಕಾರಿ. ಅತ್ತರಿನ ವಾಸನೆ, ಕಂಕುಳಲ್ಲಿ ನೀಲಿ ಫೈಲು.

"ಬನ್ನಿ ಅಕ್ಕ, ಬನ್ನಿ. ಹೊರಗೆ ಗಿಜಿಗಿಜಿ. ನಿಮಗೆ ಒಳ್ಳೆ ಜಾಗ ಇಟ್ಟಿದ್ದೀವಿ."

ಅವನು ಕರೆದೊಯ್ದದ್ದು ಊರಿಂದೂರಿಗೆ ಹಾರುವ ದೊಡ್ಡ ಮನುಷ್ಯರು ಕಾಯುವ ಲೌಂಜಿಗೆ. ಕಾಲಿಟ್ಟರೆ ಹೂತುಹೋಗುವ ಜಮಖಾನ, ಕೂತರೆ ಮುಳುಗುವ ಕುರ್ಚಿ. ಗಾಜಿನ ಕಪಾಟಿನಲ್ಲಿ ಖರ್ಜೂರ ತುಂಬಿದ ಮಕ್ರೂದು, ಬಾದಾಮಿ ಮಿಠಾಯಿ. ಮಬ್ರೂಕಾ ತುದಿಯಲ್ಲಿ ಕೂತಳು. ಪಕ್ಕದ ಸೂಟಿನವನು ತಿಜಾನಿಯ ಮುಖ ನೋಡಿ ಪತ್ರಿಕೆ ಎತ್ತಿಕೊಂಡು ಆಚೆ ಹೋಗಿ ಕೂತ.

"ಎಂಥ ಜಾಗ ಇದು?" ತಿಜಾನಿ ಕೇಳಿದ.

"ಸಾವ್ಕಾರ್ರು ಕುಂದ್ರೋ ಜಾಗ."

"ನಮ್ಮನ್ಯಾಕ ಕುಂದ್ರಿಸ್ಯಾರ?"

ಮಬ್ರೂಕಾ ಬಟ್ಟೆಯ ತುದಿಯಿಂದ ಮತ್ತೆ ಅವನ ಗಡ್ಡ ಒರೆಸಿದಳು.

ಒಂಬತ್ತಕ್ಕೆ ಒರಾನಿನ ವಿಮಾನ ಎಂದು ಕೂಗಿದರು. ಮಬ್ರೂಕಾ ದಡಕ್ಕನೆ ಎದ್ದಳು.

"ಕೂತ್ಕೊಳ್ಳಿ ಅಕ್ಕ," ಲಮೀನ್ ನಕ್ಕ. "ಅದರಲ್ಲಿ ಜಾಗ ಇಲ್ಲ. ನಿಮ್ಮದು ಸಂಜೆ ಐದೂವರೆದು."

"ಸಂಜೀಕ? ಮಧ್ಯಾಹ್ನದೊಳಗ ಹೋಗಬೇಕಂತ ಹೇಳ್ಯಾರಲ್ರೀ! ಈ ಊರಾಗ ಕಣ್ಣಿನ ದವಾಖಾನಿ ಇಲ್ಲೇನು?"

"ಇದೆ. ಆದರೆ ಕಂಪನಿ ಒಪ್ಪಂದ ಒರಾನಿನವರ ಜೊತೆ, ಬೇರೆ ಕಡೆ ಹೋದರೆ ಖರ್ಚೆಲ್ಲ ನಿಮ್ಮದೇ. ಒರಾನಿನ ಆಸ್ಪತ್ರೆಗೆ ಸೇರಿಸೋ ಪತ್ರ ನನ್ನ ಹತ್ರಾನೇ ಇದೆ. ನೀವು ಚಹಾ ಕುಡೀರಿ."

ಚಹಾ ಬಂತು, ಪುದೀನ ಹಾಕಿದ್ದು. ಯಾರೂ ಮುಟ್ಟಲಿಲ್ಲ. ಹತ್ತು ಗಂಟೆಗೆ ಲಮೀನ್ ನೀಲಿ ಫೈಲು ಬಿಚ್ಚಿ ಒಂದು ಕಾಗದ ಮೇಜಿನ ಮೇಲಿಟ್ಟ. ಮೇಲೊಂದು ಪೆನ್ನು.

"ಇದಕ್ಕೆ ನಿಮ್ಮ ಯಜಮಾನರದೊಂದು ಸಹಿ. ಆಸ್ಪತ್ರೆ ಕೆಲಸ ಸಲೀಸಾಗಲಿ ಅಂತ."

ಮಬ್ರೂಕಾ ಕಾಗದ ನೋಡಿದಳು. ಎಲ್ಲ ಫ್ರೆಂಚು. ಅವಳು ಆರು ವರ್ಷ ಓದಿದ್ದು ಅರಬ್ಬಿ. "ಇದರಾಗ ಏನ್ ಬರದೈತ್ರೀ?"

"ಮಾಮೂಲಿ ಅಕ್ಕ. ಹೆಸರು, ತಾರೀಖು."

"ಹಂಗಾದ್ರ ಅರಬ್ಬಿಯೊಳಗ ಬರಕೊಡ್ರಿ."

ಲಮೀನನ ನಗು ಸ್ವಲ್ಪ ಸಣ್ಣದಾಯಿತು. ಫೋನು ಕಿವಿಗಿಟ್ಟು ಹೊರಗೆ ಹೋದ.

ಲೌಂಜಿನ ಲೋಟ ಎತ್ತುವ ಹೆಂಗಸು ವರ್ದಿಯಾ, ಐವತ್ತು ದಾಟಿದವಳು, ಬೆಳಗಿನಿಂದ ಇವರನ್ನೇ ನೋಡುತ್ತಿದ್ದಳು. ಮೇಜು ಒರೆಸುವ ನೆಪದಲ್ಲಿ ಬಗ್ಗಿದಳು. ಕೈ ಒರೆಸುತ್ತಿತ್ತು, ಕಣ್ಣು ಕಾಗದ ಓದುತ್ತಿತ್ತು.

"ನಿನ್ನ ಗಂಡ ತಾನೇ ಕನ್ನಡಕ ತೆಗೆದಿಟ್ಟಿದ್ದ ಅಂತ ಇದೆ ಕಣೇ," ಅವಳು ತುಟಿಯಲ್ಲೇ ಹೇಳಿದಳು. "ತಪ್ಪೆಲ್ಲ ಅವನದೇ. ಕಂಪನಿ ಮೇಲೆ ಎಂದೂ ದೂರು ಕೊಡಲ್ಲ ಅಂತಾನೂ ಇದೆ."

ತಿಜಾನಿ ಸೆಟೆದು ಕೂತ. "ಕನ್ನಡಕ? ಎಲ್ಲಿತ್ತು ಕನ್ನಡಕ? ಕೇಳಿದ್ದಕ್ಕ ಮೇಸ್ತ್ರಿ, ಕಣ್ಣು ಮುಚ್ಚಿ ಸುರಿಯೋ ಅಂದ!"

"ಮೆತ್ತಗೆ ಮಾತಾಡಪ್ಪ, ನನ್ನ ಕೆಲಸ ಹೋಗುತ್ತೆ." ವರ್ದಿಯಾ ಒದ್ದೆ ಬಟ್ಟೆ ಹಿಂಡಿದಳು. "ಇನ್ನೊಂದು ಮಾತು. ಒಂಬತ್ತರ ವಿಮಾನ ಅರ್ಧ ಖಾಲಿ ಹೋಯ್ತು. ಬಾಗಿಲಲ್ಲಿ ಟಿಕೆಟ್ ನೋಡೋ ಹುಡುಗೀನೇ ಹೇಳಿದಳು."

ಲಮೀನ್ ಬಂದಾಗ ಮಬ್ರೂಕಾ ಕಾಗದ ಮುಂದೆ ತಳ್ಳಿದಳು. "ಸಹಿ ಮಾಡಂಗಿಲ್ಲ. ಇದು ಸುಳ್ಳು."

ಅವನು ಯಾರು ಓದಿದರೆಂದು ಕೇಳಲಿಲ್ಲ. ಎದುರಿಗೆ ಕೂತು ಕಾಲ ಮೇಲೆ ಕಾಲು ಹಾಕಿದ. "ಬೇಡ ಬಿಡಿ. ನನಗೇನು ಅವಸರ ಇಲ್ಲ. ಆಸ್ಪತ್ರೆ ಪತ್ರ ಇದೇ ಫೈಲಿನಲ್ಲಿದೆ. ಟಿಕೆಟ್ಟು ನನ್ನ ಜೇಬಿನಲ್ಲಿದೆ. ಕೂತಿರೋಣ."

ಕೂತರು. ಹನ್ನೊಂದಾಯಿತು. ತಿಜಾನಿ ಕುರ್ಚಿಯ ಕೈ ಹಿಡಿದು ಹಲ್ಲು ಕಚ್ಚಿದ. "ಒಳಗ ಕೆಂಡ ಇಟ್ಟಂಗ ಉರೀತೈತಿ. ಆದ್ರೂ ಸಹಿ ಮಾಡಿಸಬ್ಯಾಡ ಮಬ್ರೂಕಾ. ಮಾಡಿಸಬ್ಯಾಡ." ಹನ್ನೆರಡಾಯಿತು. ಲಮೀನ್ ಮಕ್ರೂದು ತರಿಸಿ ತಿಂದ, ಬೆರಳಿನ ಜೇನು ಕಾಗದದ ಕರವಸ್ತ್ರಕ್ಕೆ ಒರೆಸಿದ. ಮಬ್ರೂಕಾ ಕೌಂಟರಿಗೆ ಹೋಗಿ ಅಂಗಲಾಚಿದಳು. "ಕಂಪನಿಯವರನ್ನೇ ಕೇಳಬೇಕಮ್ಮ" ಎಂದರು. ಪೊಲೀಸನನ್ನು ಕೇಳಿದಳು. ಅವನು ಲಮೀನನಿಗೆ ಸಲಾಂ ಹೊಡೆದು ಹೋದ. ಒಂದಾಯಿತು. ತಿಜಾನಿ ಮಾತು ನಿಲ್ಲಿಸಿದ್ದ. ನರಳುತ್ತಿದ್ದ.

ಮಬ್ರೂಕಾ ಗಡಿಯಾರ ನೋಡಿದಳು, ಗಂಡನನ್ನು ನೋಡಿದಳು. ಪೆನ್ನು ತೆಗೆದು ಅವನ ಬೆರಳುಗಳ ನಡುವೆ ಇಟ್ಟಳು.

"ಬ್ಯಾಡ," ಅವನೆಂದ.

"ಕಣ್ಣು ಬೇಕು ನನಗ. ನಿನ್ನ ಕಣ್ಣು ಬೇಕು."

ಅವಳೇ ಅವನ ಕೈ ಹಿಡಿದು ಹೆಸರು ಬರೆಸಿದಳು. ಆಮೇಲೆ, ಯಾರೂ ಹೇಳದಿದ್ದರೂ, ಕೆಳಗೆ ಅರಬ್ಬಿಯಲ್ಲಿ ತಾನೇ ಬರೆದಳು: ಕನ್ನಡಕ ಕೊಟ್ಟಿರಲಿಲ್ಲ.

ಲಮೀನ್ ಅದನ್ನೋದಿದ. ಸಿಟ್ಟಾಗಲಿಲ್ಲ. ಕಾಗದವನ್ನು ನಾಲ್ಕು ಚೂರು ಮಾಡಿ ಫೈಲಿನಿಂದ ಇನ್ನೊಂದು ತೆಗೆದ. ಅಂಥವು ಒಳಗೆ ಬೇಕಾದಷ್ಟಿದ್ದವು. "ಅಕ್ಷರ ಚೆನ್ನಾಗಿದೆ ಅಕ್ಕ. ಈ ಸಲ ಬರೀ ಸಹಿ."

ಎರಡನೆಯದಕ್ಕೆ ಬರೀ ಸಹಿ ಬಿತ್ತು. ಲಮೀನ್ ಫೋನಿನಲ್ಲಿ ಎರಡು ಮಾತಾಡಿದ. ಎರಡೂಕಾಲರ ಒರಾನ್ ವಿಮಾನದಲ್ಲಿ ಎರಡು ಜಾಗ ಸಿಕ್ಕವು. ಬಾಗಿಲಲ್ಲಿ ನಿಂತಿದ್ದ ವರ್ದಿಯಾ ಮುಖ ತಿರುಗಿಸಿಕೊಂಡಳು.

ಒರಾನಿನ ಡಾಕ್ಟರು ವಯಸ್ಸಾದವರು. ಬಟ್ಟೆ ಬಿಚ್ಚಿ ಟಾರ್ಚು ಹಿಡಿದು ಬಹಳ ಹೊತ್ತು ನೋಡಿದರು.

"ಬೆಳಿಗ್ಗೆಯೇ ಬಂದಿದ್ದರೆ ಒಂದು ಕಣ್ಣನ್ನಾದರೂ ಉಳಿಸಬಹುದಿತ್ತು. ಇಷ್ಟು ಹೊತ್ತು ಎಲ್ಲಿದ್ದಿರಿ?"

ಗಂಡನನ್ನು ಒಳಗೆ ಕರೆದೊಯ್ದರು. ಮಬ್ರೂಕಾ ಕಾರಿಡಾರಿನ ಬೆಂಚಿನ ಮೇಲೆ ಕುಸಿದಳು. ಅಲ್ಲಿ ಮೊದಲೇ ಒಬ್ಬಳಿದ್ದಳು, ತುಗ್ಗೂರ್ತ್ ಎಂಬ ಊರಿನವಳು. ಬಾಟಲಿಯ ನೀರು ಮುಂದೆ ಹಿಡಿದಳು.

"ಯಾವ ಕಂಪನಿ?"

ಮಬ್ರೂಕಾ ಹೇಳಿದಳು.

"ನಮ್ಮೋನೂ ಅಲ್ಲೇ. ಪೈಪು ಸಿಡಿದು ಮುಖ ಸುಟ್ಟೈತಿ, ಹತ್ತು ದಿನಾತು." ಅವಳು ದನಿ ಇಳಿಸಿದಳು. "ಸಹಿ ಮಾಡಿಸ್ದ್ಯಾ?"

ಮಬ್ರೂಕಾ ತಲೆಯೆತ್ತಿದಳು.

"ನಾನೂ ಮಾಡ್ಸೀನಿ. ಕನ್ನಡಕ ತಾನೇ ತೆಗದಿದ್ದ ಅಂತ. ಆ ತಣ್ಣನ ಖೋಲಿಯೊಳಗ ಇಡೀ ಹಗಲು ಕುಂದ್ರಿಸಿದ್ರು. ಮಿಠಾಯಿ ಕೊಟ್ರು."

ಕಾರಿಡಾರಿನ ತುದಿಯವರೆಗೂ ಬೆಂಚುಗಳಿದ್ದವು, ಬೆಂಚಿನ ತುಂಬ ಜನ.

ಮಬ್ರೂಕಾ ಎದ್ದು ನಿಂತಳು. "ನನ್ನ ಗಂಡಗ ಕನ್ನಡಕ ಕೊಟ್ಟಿರಲಿಲ್ಲ," ಎಂದಳು. ಗಟ್ಟಿಯಾಗಿಯೇ ಎಂದಳು. ಜನ ತಿರುಗಿ ನೋಡಿದರು. ನರ್ಸು ಬಾಗಿಲಿಂದ ಇಣುಕಿ ತುಟಿಗೆ ಬೆರಳಿಟ್ಟಳು.

"ಕೊಟ್ಟಿರಲಿಲ್ಲ," ಮಬ್ರೂಕಾ ಮತ್ತೆ ಕೂಗಿದಳು. ಕಂಪನಿಯ ಹೆಸರನ್ನೂ ಕೂಗಿದಳು.

ತುಗ್ಗೂರ್ತಿನವಳು ಹೊದಿಕೆ ಸರಿಮಾಡಿಕೊಂಡು ಅವಳ ಪಕ್ಕಕ್ಕೆ ಬಂದು ನಿಂತಳು. "ನನ್ನ ಗಂಡಗೂ ಕೊಟ್ಟಿರಲಿಲ್ಲ."