ಸರದಿಯಲ್ಲಿ ಎಂಬತ್ತೆರಡು

ಕರಗಿದ ಅರಗಿನ ವಾಸನೆ ಎಂದರೆ ನನಗೆ ಅಪ್ಪ. ನಂಜನಗೂಡಿನ ಅಂಚೆ ಕಚೇರಿಯಲ್ಲಿ ಅವರು ಹಣದ ಚೀಲದ ಬಾಯಿಗೆ ದಾರ ಕಟ್ಟಿ, ಉರಿಯುವ ಮೇಣದಬತ್ತಿಗೆ ಕೆಂಪು ಅರಗು ಹಿಡಿದು, ಗಂಟಿನ ಮೇಲೆ ತೊಟ್ಟಿಕ್ಕಿಸಿ ಮುದ್ರೆ ಒತ್ತುತ್ತಿದ್ದರು. ಆ ಸುಟ್ಟ ವಾಸನೆ ಬಂತೆಂದರೆ ಚೀಲ ಹೊರಟಿತು ಎಂದರ್ಥ. ಹೊರಟಿತೋ ಇಲ್ಲವೋ ಎಂಬ ಅನುಮಾನಕ್ಕೆ ಅಲ್ಲಿ ಜಾಗವೇ ಇರಲಿಲ್ಲ.

ಎರಡು ಸಾವಿರದ ಎಂಟರ ಆಗಸ್ಟ್ ಹದಿನಾಲ್ಕರಂದು ಠಾಣೆ ನಗರದ ನಮ್ಮ ಸಹಕಾರಿ ಬ್ಯಾಂಕಿನಲ್ಲಿ ನಾನು ಕಳಿಸಿದ ಹಣಕ್ಕೆ ಯಾವ ವಾಸನೆಯೂ ಇರಲಿಲ್ಲ. ಪರದೆಯ ಮೇಲೆ ‘ಪೆಂಡಿಂಗ್’ ಎಂಬ ಹಳದಿ ಅಕ್ಷರ ಮಾತ್ರ. ನಾನು ನಿವೃತ್ತಳಾಗುವುದಕ್ಕೆ ಹದಿನೇಳು ದಿನ ಉಳಿದಿತ್ತು.

ಹೊಸ ವ್ಯವಸ್ಥೆ ಬಂದು ಮೂರು ವಾರವಾಗಿತ್ತಷ್ಟೆ. ಗಿರಾಕಿಗಳು ಬೇರೆ ಊರಿನ ಖಾತೆಗೆ ಹಣ ಕಳಿಸಲು ಚೀಟಿ ಕೊಡುತ್ತಿದ್ದರು. ನಾನು ಅದನ್ನು ಕಂಪ್ಯೂಟರಿಗೆ ತುಂಬಿ ಗುಂಡಿ ಒತ್ತಿದರೆ ಅದೊಂದು ಸಂದೇಶವಾಗಿ ಸರದಿಗೆ ಸೇರುತ್ತಿತ್ತು. ಹತ್ತಿರದ ಐರೋಲಿಯ ಕಂಪನಿಯೊಂದರ ಹೃಷಿಕೇಶ್ ಎಂಬ ಹುಡುಗ ಜಾವಾದಲ್ಲಿ ಬರೆದ ಪ್ರೋಗ್ರಾಂ ಅದು. ಇಪ್ಪತ್ತನಾಲ್ಕು ವರ್ಷದವನು, ಮೈಸೂರಿನವನು. ನನಗೆ ಕಲಿಸುವಾಗ ಒಂದು ಸಲವೂ ಬೇಸರ ಮಾಡಿಕೊಂಡವನಲ್ಲ. “ಇದು ಪೋಸ್ಟ್ ಡಬ್ಬಿ ಇದ್ದ ಹಾಗೆ ಮೇಡಂ,” ಎಂದಿದ್ದ. “ಈ ಕಡೆಯಿಂದ ನೀವು ಹಾಕ್ತೀರಿ. ಆ ಕಡೆ ದೊಡ್ಡ ಬ್ಯಾಂಕಿನವರು ಒಂದೊಂದೇ ತಗೊಂಡು ದುಡ್ಡು ಸೇರಿಸ್ತಾರೆ. ಕ್ಯೂ ಅಂತೀವಿ ನಾವು.”

ಆ ಬೆಳಿಗ್ಗೆ ನಲವತ್ತೊಂದು ಚೀಟಿ ತುಂಬಿದೆ. ಮರುದಿನ ಸ್ವಾತಂತ್ರ್ಯ ದಿನದ ರಜೆ, ಹಾಗಾಗಿ ಎಲ್ಲರಿಗೂ ಅವಸರ. ಒಂದು ಗಂಟೆ ಕಳೆದರೂ ಒಂದಕ್ಕೂ ಉತ್ತರ ಬರಲಿಲ್ಲ. ತಂತಿಯ ಮೂಲಕ ಹಣ ಕಳಿಸುತ್ತಿದ್ದ ಕಾಲದಲ್ಲಿ ನಮಗೊಂದು ಪದ್ಧತಿಯಿತ್ತು. ಗಂಟೆಯೊಳಗೆ ಉತ್ತರ ಬರದಿದ್ದರೆ ಮತ್ತೊಂದು ತಂತಿ ಕೊಡಬೇಕು, ಅದರ ತಲೆಯ ಮೇಲೆ ‘ಎರಡನೆಯ ಪ್ರತಿ’ ಎಂದು ಬರೆಯಬೇಕು. ಇಪ್ಪತ್ತು ವರ್ಷ ಹಾಗೆ ಮಾಡಿದ ಕೈ ನನ್ನದು. ಪರದೆಯ ಮೂಲೆಯಲ್ಲಿ ‘ರೀಸೆಂಡ್’ ಎಂಬ ಗುಂಡಿ ಕಂಡಿತು. ನಲವತ್ತೊಂದನ್ನೂ ಒಂದೊಂದಾಗಿ ಮತ್ತೆ ಕಳಿಸಿದೆ. ಎರಡನೆಯ ಪ್ರತಿ ಎಂದು ಯಂತ್ರವೇ ಬರೆದುಕೊಳ್ಳುತ್ತದೆ ಎಂದು ನಂಬಿದ್ದೆ.

ಹನ್ನೆರಡೂವರೆಗೆ ಹೃಷಿಕೇಶನಿಗೆ ಫೋನ್ ಮಾಡಿದೆ. “ಲೈನ್ ಏನಾದ್ರೂ ಬಿದ್ದಿದೆಯೇನಪ್ಪ? ನಾನಂತೂ ಎಲ್ಲಾನೂ ಇನ್ನೊಂದು ಸಲ ಕಳಿಸಿಬಿಟ್ಟೆ.”

“ಎಲ್ಲಾನೂ ಅಂದ್ರೆ ಎಷ್ಟು ಮೇಡಂ?”

“ನಲವತ್ತೊಂದು.”

“ಮೇಡಂ, ಮೊದಲು ಕಳಿಸಿದ್ದು ಎಲ್ಲೂ ಹೋಗಿಲ್ಲ. ದೊಡ್ಡ ಬ್ಯಾಂಕಿನ ಲೈನ್ ಡೌನ್ ಆಗಿದೆ ಅಷ್ಟೆ. ಎಲ್ಲಾ ನಿಮ್ಮ ಸರ್ವರಿನ ಕ್ಯೂನಲ್ಲೇ ಕೂತಿವೆ. ಈಗ ಎಂಬತ್ತೆರಡು ಆದ್ವು.” ಅವನ ಧ್ವನಿ ತೆಳುವಾಯಿತು. “ಲೈನ್ ಬಂದ ಕೂಡಲೇ ಎಲ್ಲರಿಗೂ ಎರಡೆರಡು ಸಲ ದುಡ್ಡು ಹೋಗತ್ತೆ.”

“ಲೈನ್ ಯಾವಾಗ ಬರತ್ತೆ?”

“ಯಾವಾಗ ಬೇಕಾದ್ರೂ.”

ಒಟ್ಟು ಹತ್ತೊಂಬತ್ತು ಲಕ್ಷ. ಒಮ್ಮೆ ಬೇರೆಯವರ ಖಾತೆಗೆ ಹೋದ ಹಣವನ್ನು ಹಿಂದೆ ತರುವುದು ಎಷ್ಟು ಕಷ್ಟ ಎಂದು ಇಡೀ ಬ್ಯಾಂಕಿಗೆ ಗೊತ್ತಿತ್ತು. ಮೂರು ವರ್ಷದ ಹಿಂದೆ ನಮ್ಮ ತಾರಾನಾಥರು ಒಂದೇ ಒಂದು ಡ್ರಾಫ್ಟಿಗೆ ಎರಡು ಸಲ ಹಣ ಕೊಟ್ಟಿದ್ದರು. ನಿವೃತ್ತಿಯ ದಿನ ಹಾರ ಹಾಕಿಸಿಕೊಳ್ಳಲೂ ಅವರು ಬರಲಿಲ್ಲ. ಗ್ರಾಚ್ಯುಟಿಗಾಗಿ ಎಂಟು ತಿಂಗಳು ಅಲೆದರು. ನನ್ನ ಗ್ರಾಚ್ಯುಟಿಯನ್ನು ನಂಬಿಕೊಂಡು ಕೋಪರಿಯ ನಮ್ಮ ಮನೆಯ ಸಾಲ ಕಾದಿತ್ತು. ಮನೆಯವರು ತೀರಿಕೊಂಡ ಮೇಲೆ ಅದನ್ನು ಕಟ್ಟುತ್ತಿದ್ದವಳು ನಾನೊಬ್ಬಳೇ.

“ಮೇಡಂ, ಸರ್ವರ್ ರೂಮಲ್ಲಿ ನೀಲಿ ಕೇಬಲ್ ಇದೆ. ಅದನ್ನ ತೆಗೆದುಬಿಡಿ. ಆಗ ಲೈನ್ ಬಂದರೂ ಏನೂ ಹೊರಗೆ ಹೋಗಲ್ಲ. ನಾನು ಈಗಲೇ ಟ್ರೇನ್ ಹಿಡೀತೀನಿ.”

ಸರ್ವರ್ ಕೋಣೆಯ ಕೀಲಿ ಇದ್ದದ್ದು ಚೀಫ್ ಮ್ಯಾನೇಜರ್ ಹಯಗ್ರೀವ ರಾಯರ ಬಳಿ. ಉಡುಪಿಯವರು, ನನಗಿಂತ ನಾಲ್ಕು ವರ್ಷ ಚಿಕ್ಕವರು. ಅವರು ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ತಾರಾನಾಥರ ವಿರುದ್ಧ ವರದಿ ಬರೆದವರೂ ಅವರೇ.

ಫೋನ್ ಇಟ್ಟು ನಾನು ಅಲ್ಲೇ ಕುಳಿತೆ, ಎಷ್ಟು ಹೊತ್ತೆಂದು ತಿಳಿಯದು. ಗುಂಡಿ ಒತ್ತಿದ್ದು ಯಾರೆಂದು ಪರದೆಯಲ್ಲಿ ಬರುತ್ತಿರಲಿಲ್ಲ, ನಾನು ಹೇಳಿದ್ದೂ ಹುಡುಗನೊಬ್ಬನಿಗೇ. ಹೊಸ ಯಂತ್ರ ಹುಚ್ಚಾಟ ಆಡಿತು ಎಂದರೆ ಎಲ್ಲರೂ ನಂಬುತ್ತಿದ್ದರು, ಮೊದಲಿಂದಲೂ ಯಾರಿಗೂ ಅದರ ಮೇಲೆ ವಿಶ್ವಾಸವಿರಲಿಲ್ಲ. ಹುಡುಗನ ಕೆಲಸ ಹೋಗುತ್ತಿತ್ತು, ನನ್ನ ಗ್ರಾಚ್ಯುಟಿ ಉಳಿಯುತ್ತಿತ್ತು. ಈ ಯೋಚನೆ ನನ್ನ ತಲೆಯೊಳಗೆ ಬಂದದ್ದು ನಿಜ. ಅದನ್ನು ಇಲ್ಲಿ ಬರೆಯುವಾಗಲೂ ನಾಚಿಕೆಯಾಗುತ್ತದೆ.

ಕಚೇರಿಯ ಚಹಾ ಮಾಡುವ ಚಂದವ್ವ ಬಂದು ಬಗ್ಗಿ ನೋಡಿದಳು. “ಯಾಕ್ರೀ ಅಕ್ಕಾರ, ಚಾ ಹಂಗ ಬಿಟ್ಟೀರಿ? ಮಾರಿ ಬೆಳ್ಳಗಾಗೇತಲ್ಲ?” ಅವಳು ತಣ್ಣಗಾದ ಲೋಟ ತೆಗೆದು ಬಿಸಿಯ ಲೋಟ ಇಟ್ಟಳು, ನನ್ನ ತಲೆಯ ಮೇಲಿನ ಫ್ಯಾನ್ ಜೋರು ಮಾಡಿದಳು. ಆ ಗಾಳಿಗೆ ಚೀಟಿಗಳು ಪಟಪಟ ಎಂದವು. ಎದ್ದೆ.

ಹಯಗ್ರೀವ ರಾಯರು ಕಡತದಿಂದ ತಲೆ ಎತ್ತಿ ಎಂದಿನಂತೆ ನನ್ನ ಹೆಸರು ಹಿಡಿದು ಕೇಳಿದರು. “ಎಂತ ಆಯ್ತು ಶ್ರೀಮತಿಯವ್ರೇ?”

ಹೇಳಿದೆ.

“ನೀವೇ ಒತ್ತಿದ್ದಾ?”

“ನಾನೇ.”

“ಎಷ್ಟುಂಟು?”

“ನಲವತ್ತೊಂದು. ಹತ್ತೊಂಬತ್ತು ಲಕ್ಷ.”

ಅವರು ಮತ್ತೇನೂ ಕೇಳದೆ ಡ್ರಾಯರಿನಿಂದ ಕೀಲಿ ತೆಗೆದು ಓಡುನಡಿಗೆಯಲ್ಲಿ ಹೊರಟರು. ನಾನು ಸೆರಗು ಹಿಡಿದುಕೊಂಡು ಹಿಂದೆ ಹೋದೆ. ಆ ತಂಪು ಕೋಣೆಯಲ್ಲಿ ನೀಲಿ ಕೇಬಲ್ ಒಂದಲ್ಲ, ಮೂರಿದ್ದವು.

“ಯಾವುದು ಮಾರಾಯ್ತಿ ಇದರಲ್ಲಿ?”

ನನಗೂ ಗೊತ್ತಿರಲಿಲ್ಲ. ಅವರು ಮೂರನ್ನೂ ಕಿತ್ತರು. ಹೊರಗೆ ಕೌಂಟರುಗಳಿಂದ ಕೂಗಾಟ ಶುರುವಾಯಿತು, ಎಲ್ಲರ ಪರದೆಯೂ ನಿಂತಿತ್ತು. ಅದಕ್ಕಿಂತ ಮೊದಲೇ ಲೈನ್ ಬಂದು ಹಣ ಹೋಗಿತ್ತೋ ಏನೋ, ನೋಡುವ ದಾರಿ ನಮಗಿಬ್ಬರಿಗೂ ತಿಳಿಯದು. ಅರ್ಧ ಗಂಟೆ ನಾನು ಆ ಕೋಣೆಯ ಸ್ಟೂಲಿನ ಮೇಲೆ ಕುಳಿತು ದೇವರ ಹೆಸರು ಹೇಳಲೂ ಆಗದೆ ಸರ್ವರಿನ ಹಸಿರು ದೀಪ ನೋಡುತ್ತಿದ್ದೆ.

ಹೃಷಿಕೇಶ್ ಬಂದಾಗ ಅಂಗಿ ಬೆನ್ನಿಗೆ ಅಂಟಿತ್ತು. ಸ್ಟೇಷನ್ನಿನಿಂದ ಓಡಿಯೇ ಬಂದಿದ್ದ. ನೇರವಾಗಿ ಕೀಬೋರ್ಡಿನ ಮುಂದೆ ಕುಳಿತ. “ಕ್ಯೂನಲ್ಲಿ ಇರೋದನ್ನ ಹೊರಗೆ ತೆಗೀದೇ ಬರೀ ನೋಡ್ಬಹುದು,” ಎನ್ನುತ್ತ ನಾಲ್ಕಾರು ಸಾಲು ಬರೆದ. ಪರದೆಯ ಮೇಲೆ ಸಂದೇಶಗಳು ಸಾಲಾಗಿ ಇಳಿದವು. ಕೊನೆಯಲ್ಲಿ ಒಂದು ಅಂಕಿ: ಎಂಬತ್ತೆರಡು.

“ಒಂದೂ ಹೋಗಿಲ್ಲ ಸರ್.” ನಂತರ ಅವನು ಕುರ್ಚಿ ತಿರುಗಿಸಿದ. “ಸರ್, ಒಂದು ಹೇಳ್ಬೇಕು. ಮತ್ತೆ ಕಳಿಸಿದಾಗ ಸಂದೇಶಕ್ಕೆ ಹಳೇ ನಂಬರೇ ಇರ್ಬೇಕಿತ್ತು. ಆಗ ಆ ಕಡೆಯವರು ‘ಇದು ಬಂದಾಗಿದೆ’ ಅಂತ ಬಿಟ್ಟುಬಿಡ್ತಿದ್ರು. ನಾನು ಒತ್ತಿದಾಗಲೆಲ್ಲ ಹೊಸ ನಂಬರ್ ಹಾಕೋ ಹಾಗೆ ಬರೆದಿದ್ದೀನಿ. ಮೇಡಂ ತಪ್ಪಿಲ್ಲ ಇದರಲ್ಲಿ.”

“ಒತ್ತಿದ್ದು ನಾನು,” ಎಂದೆ.

“ಜಗಳ ಆಮೇಲೆ ಮಾಡಿ ಇಬ್ರೂ,” ಎಂದರು ರಾಯರು. “ನಾಲ್ಕು ಗಂಟೆಗೆ ದೊಡ್ಡ ಬ್ಯಾಂಕು ಬಾಗಿಲು ಹಾಕ್ತದೆ. ಅಷ್ಟರೊಳಗೆ ಹೋಗದಿದ್ರೆ ಇವತ್ತು ಯಾರಿಗೂ ದುಡ್ಡಿಲ್ಲ.” ಆಗ ಎರಡು ಗಂಟೆಯಾಗಿತ್ತು.

ಮೊದಲಿನದು ಯಾವುದು, ಮತ್ತೆ ಕಳಿಸಿದ್ದು ಯಾವುದು ಎಂಬ ಗುರುತು ಸಂದೇಶಗಳಲ್ಲಿ ಇರಲಿಲ್ಲ. ಒಂದೇ ಕಳಿಸುವವರು, ಒಂದೇ ಖಾತೆ, ಒಂದೇ ಮೊತ್ತ ಇರುವುದನ್ನೆಲ್ಲ ಹುಡುಕಿ, ಒಂದನ್ನು ಉಳಿಸಿ ಮಿಕ್ಕಿದ್ದನ್ನು ತೆಗೆಯುವ ಪ್ರೋಗ್ರಾಂ ಬರೆಯಲು ಅವನಿಗೆ ಒಂದು ಗಂಟೆ ಬೇಕಾಯಿತು. ಎರಡು ಸಲ ತಪ್ಪಾಯಿತು, ಅಳಿಸಿ ಮತ್ತೆ ಬರೆದ. ಮೂರೂ ಹತ್ತಕ್ಕೆ ಪಟ್ಟಿ ಬಂತು. ತೆಗೆಯಬೇಕಾದವು: ನಲವತ್ತೆರಡು.

“ನಲವತ್ತೊಂದು ಬರ್ಬೇಕಲ್ವಾ?” ಎಂದೆ.

ಅವನು ಮತ್ತೆ ಓಡಿಸಿದ. ನಲವತ್ತೆರಡೇ. “ಒಂದು ಹೆಚ್ಚಿಗೆ ಎಲ್ಲಿಂದ ಬಂತು? ನನ್ನ ಲೆಕ್ಕದಲ್ಲೇ ಏನೋ ತಪ್ಪಿದೆ.” ಅವನು ಕುರ್ಚಿಯಲ್ಲಿ ಹಿಂದೆ ಸರಿದ. “ಇದನ್ನ ನಂಬಿ ತೆಗೆದುಬಿಟ್ರೆ ಯಾರದೋ ಒಬ್ಬರ ದುಡ್ಡು ಪೂರ್ತಿ ಮಾಯ ಆಗತ್ತೆ, ಮೇಡಂ.”

ಇದು ಮೊದಲಿನದಕ್ಕಿಂತ ದೊಡ್ಡ ಭಯವಾಗಿತ್ತು. ಎರಡು ಸಲ ಹೋದ ಹಣವನ್ನು ಬೇಡಿಯಾದರೂ ತರಬಹುದು. ಹೋಗದೇ ಇದ್ದದ್ದು ರಜೆ ಮುಗಿದ ಮೇಲೆ ಯಾರಾದರೂ ಬಂದು ಅತ್ತಾಗಲೇ ತಿಳಿಯುವುದು.

ನಾನು ಬೆಳಗಿನ ಚೀಟಿಗಳ ಕಟ್ಟು ತಂದು ಅವನ ಪಟ್ಟಿಯ ಪಕ್ಕ ಹರವಿಕೊಂಡೆ. ಕನ್ನಡಕ ಒರೆಸಿ ಒಂದೊಂದೇ ಸಾಲಿಗೆ ಬೆರಳಿಟ್ಟೆ. ಎಲ್ಲ ಕಡೆ ಎರಡೆರಡು. ಹದಿನೇಳನೆಯ ಸಾಲಿನಲ್ಲಿ ನಾಲ್ಕು. ಕಳಿಸಿದವರು ರಮಾಮಣಿ, ಡೊಂಬಿವಿಲಿ. ಮಂಗಳೂರಿನ ಕಾಲೇಜಿನ ಖಾತೆ. ಹದಿನೆಂಟು ಸಾವಿರದ ಐನೂರು.

ಆ ಹೆಂಗಸು ನೆನಪಾದರು. ಡೊಂಬಿವಿಲಿಯಲ್ಲಿ ಮೆಸ್ ನಡೆಸುವವರು, ಬೆಳಿಗ್ಗೆಯೇ ಬಂದಿದ್ದರು. ಎರಡು ಚೀಟಿ ಒಂದೇ ಗುಂಡುಪಿನ್ನಿನಲ್ಲಿ ಚುಚ್ಚಿಕೊಂಡು, “ಒಂದು ಪ್ರಕೃತಿದು, ಒಂದು ಅಪರ್ಣಾದು. ಅವಳಿ ಮಕ್ಕಳು ಮೇಡಂ, ಒಂದೇ ಕ್ಲಾಸು. ಹೆಸರು ಬರೀಲಿಕ್ಕೆ ಜಾಗ ಉಂಟಾ? ಇವತ್ತೇ ಫೀಸು ಕಟ್ಟಬೇಕು,” ಎಂದಿದ್ದರು. ಹೆಸರಿಗೆ ಜಾಗವಿಲ್ಲ ಎಂದಿದ್ದೆ.

“ಇವು ಎರಡು ಬೇರೆ ಬೇರೆ ಹಣ,” ಎಂದೆ. “ನಾಲ್ಕರಲ್ಲಿ ಎರಡು ಉಳಿಸು. ನಿನ್ನ ಪ್ರೋಗ್ರಾಂ ಒಂದೇ ಉಳಿಸಿ ಇನ್ನೊಂದು ಹುಡುಗಿಯ ಫೀಸು ತೆಗೀತಿದೆ.”

ಹೃಷಿಕೇಶ್ ಚೀಟಿ ನೋಡಿದ, ಪಟ್ಟಿ ನೋಡಿದ. ಆ ಒಂದನ್ನು ಕೈಯಿಂದಲೇ ಬಿಡಿಸಿದ. ನಲವತ್ತೊಂದು.

“ತೆಗೀಲಾ ಸರ್?”

“ಅವ್ರನ್ನ ಕೇಳು,” ಎಂದರು ರಾಯರು.

ತೆಗೆ ಎಂದೆ. ರಾಯರು ಒಂದೊಂದೇ ಕೇಬಲ್ ಚುಚ್ಚಿದರು. ಲೈನ್ ಬಂದಿರಲಿಲ್ಲ. ಹತ್ತು ನಿಮಿಷ ಮೂವರೂ ಪರದೆಯನ್ನೇ ನೋಡುತ್ತಿದ್ದೆವು. ಮೂರೂ ಮೂವತ್ತೆಂಟಕ್ಕೆ ಮೊದಲ ಸಾಲು ಹಸಿರಾಯಿತು, ಆಮೇಲೆ ಬಡಬಡನೆ ಉಳಿದವು. ಹದಿನೇಳನೆಯದಕ್ಕೆ ನಾನು ಕಣ್ಣು ಮುಚ್ಚಿಕೊಂಡಿದ್ದೆ. “ಎರಡೂ ಹೋದ್ವು ಮೇಡಂ,” ಎಂದು ಹೃಷಿಕೇಶನೇ ಹೇಳಿದ.

ನನ್ನ ಭಯ ಅಲ್ಲಿಗೆ ಮುಗಿಯಲಿಲ್ಲ. ರಾಯರು ತಮ್ಮ ಕೋಣೆಗೆ ಕರೆದು ಇಬ್ಬರ ಮುಂದೆಯೂ ಬಿಳಿ ಹಾಳೆ ಇಟ್ಟರು. “ಆದದ್ದು ಬರೀರಿ. ಇದು ಮೇಲೆ ಹೋಗ್ಲೇಬೇಕು. ಮುಚ್ಚಿಡೋದು ನನ್ನಿಂದ ಆಗೂದಿಲ್ಲ.”

ಬರೆದೆ. ತಾರಾನಾಥರ ಮುಖ ಕಣ್ಣೆದುರು ಬರುತ್ತಿತ್ತು. ಗುಂಡಿ ಒತ್ತಿದವಳು ನಾನು, ಯಾರನ್ನೂ ಕೇಳದೆ ಒತ್ತಿದೆ ಎಂದು ಬರೆದು ಸಹಿ ಮಾಡಿದೆ. ಪಕ್ಕದಲ್ಲಿ ಹುಡುಗನೂ ತಲೆ ಬಗ್ಗಿಸಿ ತನ್ನ ತಪ್ಪು ಬರೆಯುತ್ತಿದ್ದ.

ರಾಯರು ಎರಡನ್ನೂ ಎರಡು ಸಲ ಓದಿದರು. ಪೆನ್ನಿನ ಮುಚ್ಚಳ ತೆಗೆದು ನನ್ನ ಸಹಿಯ ಕೆಳಗೆ ಏನೋ ಬರೆಯತೊಡಗಿದರು. ನಾನು ತಲೆಕೆಳಗಾಗಿಯೇ ಓದಿಕೊಂಡೆ. ‘ಬ್ಯಾಂಕಿಗೆ ನಷ್ಟವಾಗಿಲ್ಲ. ಮತ್ತೆ ಕಳಿಸುವ ಬಗ್ಗೆ ಸಿಬ್ಬಂದಿಗೆ ಲಿಖಿತ ಸೂಚನೆ ಕೊಡಬೇಕಾದವನು ನಾನು, ಕೊಟ್ಟಿರಲಿಲ್ಲ. ಹೊಣೆ ನನ್ನದು.’ ಸಹಿ ಮಾಡಿ ದಿನಾಂಕ ಹಾಕಿದರು. ಹುಡುಗನ ಹಾಳೆಯ ಕೆಳಗೂ ಅದನ್ನೇ ಬರೆದರು.

ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಅವರು ನನ್ನನ್ನು ನೋಡಲಿಲ್ಲ. ಮೇಜಿನ ಕೆಳಗಿನಿಂದ, ಮಧ್ಯಾಹ್ನ ಮುಟ್ಟದೆ ಉಳಿದಿದ್ದ ತಮ್ಮ ಸ್ಟೀಲಿನ ಬುತ್ತಿ ತೆಗೆದು ಬಿಚ್ಚಿ, ಚಪಾತಿಯ ಡಬ್ಬಿಯನ್ನು ಹೃಷಿಕೇಶನ ಮುಂದೆಯೂ, ಮೊಸರನ್ನದ ಡಬ್ಬಿಯನ್ನು ಚಮಚದ ಜೊತೆ ನನ್ನ ಮುಂದೆಯೂ ಇಟ್ಟು, ಹಾಳೆಗಳನ್ನು ಎತ್ತಿಕೊಂಡು ಹೊರಗೆ ಹೋದರು.