ಲಾರಿ ಡ್ರೈವರ್ ಬಿಟ್ಟ ಉಸಿರು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ಹೇಳಿದವನ ನಾಲಿಗೆ ಬಿದ್ದುಹೋಗಲಿ.

ಲಾರಿ ಡ್ರೈವರನ ಎದೆಯಲ್ಲಿ ಎರಡು ವರ್ಷದಿಂದ ಇದ್ದದ್ದು ಬೇರೆಯವರ ಶ್ವಾಸಕೋಶ. ತೀರಿಹೋದ ಯಾರೋ ಪುಣ್ಯಾತ್ಮರದನ್ನು ಡಾಕ್ಟರು ಇವನಿಗೆ ಜೋಡಿಸಿದ್ದರು. ಈಚೆಗೆ ಮೂರನೇ ಮಹಡಿಯ ಮನೆಗೆ ಹತ್ತುವಾಗ ಅವನು ಎರಡನೆಯದರಲ್ಲಿ ನಿಂತು ಚಪ್ಪಲಿಯ ಪಟ್ಟಿ ಬಿಗಿಮಾಡಿಕೊಳ್ಳುತ್ತಿದ್ದ. ಆ ಚಪ್ಪಲಿಗೆ ಬಿಗಿಮಾಡುವ ಪಟ್ಟಿಯೇ ಇರಲಿಲ್ಲ. ಹೆಂಡತಿ ಅದನ್ನು ನೋಡಿದವಳೇ ಸ್ಕ್ಯಾನಿಗೆ ಎಳೆದುಕೊಂಡು ಬಂದಳು.

ಯಾರೋ ಬಿಟ್ಟುಹೋದ ವಸ್ತುವನ್ನು ಕೆಡಿಸಿದೆನೆಂದು ಯಂತ್ರ ಹೇಳಿಬಿಟ್ಟರೆ ಮುಖ ಎಲ್ಲಿಡುವುದು? ಅದೊಂದೇ ಅವನ ಹೆದರಿಕೆ.

"ಉಸಿರು ತುಂಬಿಕೊಂಡಾಗ ಎಲ್ಲಾ ಚೆನ್ನಾಗೇ ಕಾಣುತ್ತೆ ಯಜಮಾನ್ರೇ," ಎಂದಳು ಸ್ಕ್ಯಾನ್ ಮಾಡುವಾಕೆ. "ಪೂರ್ತಿ ಬಿಟ್ಟಾಗ್ಲೇ ಗುಟ್ಟು ಗೊತ್ತಾಗೋದು. ಗಾಳಿ ಹೊರಗೆ ಹೋದ ಜಾಗ ಬೂದಿ ಬಣ್ಣ, ಸಿಕ್ಕಿಹಾಕಿಕೊಂಡ ಜಾಗ ಕಪ್ಪು."

ಡ್ರೈವರ್ ಬಾಯಲ್ಲಿ "ಹ್ಹಾ" ಎಂದು ಜೋರು ಸದ್ದು ಮಾಡಿ, ಗಾಳಿಯನ್ನು ಎದೆಯಲ್ಲೇ ಇಟ್ಟುಕೊಂಡ.

ಗಾಜಿನ ಆಚೆಯಿಂದ ಆಕೆ ಎದ್ದು ಬಂದಳು. "ಬಿಟ್ಟಿಲ್ಲ ನೀವು."

"ಪಂಕ್ಚರ್ ಆದ ಟ್ಯೂಬ್ ಆಗಿದೀನಿ ತಾಯಿ!"

"ಚಿತ್ರದಲ್ಲಿ ನಿಮ್ಮ ಉಸಿರುನಾಳ ಬಳೆ ತರ ದುಂಡಗಿದೆ. ನಿಜವಾಗ್ಲೂ ಬಿಟ್ಟಿದ್ರೆ ಅದರ ಬೆನ್ನು ಒಳಕ್ಕೆ ಬಾಗಿರ್ತಿತ್ತು."

ಮೂವತ್ತು ವರ್ಷ ಚೆಕ್‌ಪೋಸ್ಟಿನವರ ಕೈಗೆ ಸಿಗದ ಸುಳ್ಳನ್ನು ಈಕೆ ಒಂದು ಬಳೆ ನೋಡಿ ಹಿಡಿದಿದ್ದಳು. ಅವನಿಗೆ ಸಿಟ್ಟು ಬರಬೇಕಿತ್ತು, ಬಂದದ್ದು ಗೌರವ. ಆದರೂ ಎರಡನೇ ಸಲವೂ ಬಿಡಲಿಲ್ಲ.

ಇವನಿಂದ ಉಸಿರು ಬಿಡಿಸುವುದು ಹೇಗೆಂದು ಆಕೆ ಹೊರಗೆ ಹೋಗಿ ಹೆಂಡತಿಯನ್ನು ಕೇಳಿದಳು.

"ಆ ಬ್ರೇಕ್ ಫೇಲಾದ ಕಥೆ ಹೇಳಿಸಮ್ಮ," ಎಂದಳು ಹೆಂಡತಿ. "ನಡುವೆ ಯಾರಾದ್ರೂ ಬಾಯಿ ಹಾಕ್ತಾರೆ ಅಂತ ಇವರು ಉಸಿರೇ ತಗೊಳ್ಳಲ್ಲ."

ಆಕೆ ಒಳಗೆ ಬಂದಳು. "ಅದೇನೋ ಬ್ರೇಕ್ ಫೇಲಾಗಿತ್ತಂತೆ?"

"ಇಳಿಜಾರು ತಾಯಿ, ಹಿಂದೆ ಹದಿನೆಂಟು ಟನ್ ಕಬ್ಬಿಣ, ಬ್ರೇಕ್ ಹೋಯ್ತು, ನಾನೇನ್ಮಾಡ್ದೆ, ಬಾಗಿಲು ತೆಗೆದು ಇಳಿದು, ಲಾರಿಗಿಂತ ಮುಂದೆ ಓಡಿ, ತಿರುಗಿ ನಿಂತು ಎದೆ ಕೊಟ್ಟು..."

ಆಕೆ ಹೂಂಗುಟ್ಟುತ್ತಲೇ ಬಾಗಿಲೆಳೆದುಕೊಂಡು ಹೋದಳು. ಸ್ಕ್ಯಾನ್ ಆಗುವಾಗ ಆ ಕೋಣೆಯಲ್ಲಿ ಬೇರೆ ಯಾರೂ ಇರುವಂತಿಲ್ಲ. ಅವನು ಮಾತು ನಿಲ್ಲಿಸಲಿಲ್ಲ. ದನಿ ನೂಲಿನಷ್ಟು ತೆಳ್ಳಗಾಗುವುದನ್ನೇ ಕಾಯುತ್ತಿದ್ದ ಆಕೆ ಮೈಕಿನಲ್ಲಿ, "ಹಾಗೇ ತಡೀರಿ!" ಎಂದಳು.

ಬೂದಿ ಬಣ್ಣದ ನಡುವೆ ಅಲ್ಲಲ್ಲಿ ಕಪ್ಪು ತೇಪೆಗಳು ಕಂಡವು.

"ಸಣ್ಣ ಗಾಳಿನಾಳಗಳು ಕಿರಿದಾಗಿವೆ," ಎಂದರು ಡಾಕ್ಟರು. "ನೀವು ಕೆಡಿಸಿದ್ದಲ್ಲ, ದೇಹ ಹೊರಗಿನದನ್ನ ಪೂರ್ತಿ ಒಪ್ಪಿಲ್ಲ. ಹೋದದ್ದು ವಾಪಸ್ ಬರಲ್ಲ. ಆದ್ರೆ ಬೇಗ ಗೊತ್ತಾಗಿದೆ, ಔಷಧಿ ಬದಲಾಯಿಸಿ ಇರೋದನ್ನ ಉಳಿಸ್ಕೊಳ್ಳೋಣ."

ಮೂರು ತಿಂಗಳಾದ ಮೇಲೆ ನೋಡಿದರೆ ಕಪ್ಪು ಹರಡಿರಲಿಲ್ಲ. ಈಗ ಅವನು ಎರಡನೇ ಮಹಡಿಯಲ್ಲಿ ಚಪ್ಪಲಿಯ ನೆಪವಿಲ್ಲದೆ ನಿಲ್ಲುತ್ತಾನೆ. ಕಥೆಯ ಉಳಿದ ಭಾಗವನ್ನು ಹೆಂಡತಿಗೂ ಹೇಳದೆ ಸ್ಕ್ಯಾನ್ ಮಾಡುವಾಕೆಗೆಂದೇ ತೆಗೆದಿಡುತ್ತಾನೆ. ಮೊನ್ನೆಯೂ ಸ್ಕ್ಯಾನಿಗೆ ಮಲಗಿದವನೇ ಎದೆತುಂಬ ಉಸಿರೆಳೆದು ಶುರುಮಾಡಿದ:

"ಎದೆ ಕೊಟ್ಟು ನಿಲ್ಲಿಸಿದ್ನಲ್ಲ ತಾಯಿ, ಆಮೇಲೆ ಆ ಲಾರಿ ಮೆಲ್ಲಗೆ ನನ್ನ ಕಿವಿ ಹತ್ರ ಬಂದು ಏನಂತು ಅಂದ್ರೆ, ಅಯ್ಯೋ, ಇದೊಂದು ಕೇಳಿಕೊಂಡಾದ್ರೂ ಹೋಗಿ ತಾಯಿ, ಅದು ಹೇಳಿದ್ದು..."